ಅಪ್ಪ ಕಿತ್ತ ಕರಿಕಿ

ಏಕೀಕರಣವಾದಾಗ ನಾವು ಗದಗಿನ ಸರಕಾರಿ ಮನೆಯೊಂದರಲ್ಲಿದ್ದೆವು. ಓವರ್‌ಸಿಯರ್ ಆಗಿದ್ದ ನಮ್ಮ ಯಜಮಾನರು ಮುಂಬಯಿ ಸರಕಾರದ ನೌಕರರಾಗಿ ಮಲಗಿ ಮೈಸೂರು ಸರಕಾರದ ನೌಕರರಾಗಿ ಎದ್ದರು. ಅವರ ಹುಚ್ಚು ಮಾತ್ರ ಬದಲಾಗಲಿಲ್ಲ. ಅದು ಅಂಗಳದ ಲಾನಿನ ಹುಚ್ಚು.

ಹಮ್ಮಿಗಿಯ ಹೊಳೆದಂಡೆಯಿಂದ ಒದ್ದೆ ಚೀಲದಲ್ಲಿ ಕರಿಕಿ ಎಂಬ ಗರಿಕೆ ಹುಲ್ಲು ತಂದು ಒಂದೊಂದೇ ಬೇರು ನೆಟ್ಟಿದ್ದರು. ಮೇಲೆ ಸಗಣಿ ಗೊಬ್ಬರ ಹಾಕಿದ್ದೇ ತಪ್ಪಾಯಿತು. ದನ ಮೇಯ್ದ ಕರಡದ ಹುಲ್ಲಿನ ಬೀಜವೆಲ್ಲ ಗೊಬ್ಬರದ ಜೊತೆ ಬಂದು ಮೊಳೆಯಿತು. ದಿನಾ ಕಚೇರಿಯಿಂದ ಬಂದವರೇ ಚಹಾ ಕುಡಿಯದೆ ಕುಕ್ಕರುಗಾಲಲ್ಲಿ ಕೂತು ಕೀಳುತ್ತಿದ್ದರು. ಇವತ್ತು ಒಂದು ಕಿತ್ತರೆ ನಾಳೆ ನಾಲ್ಕು. "ಈ ಕಸದ ಮುಂದ ನಾ ಸೋತೆ" ಅನ್ನುತ್ತಿದ್ದರು. ನನಗೆ ಒಳಗೊಳಗೇ ನಗು. ನನ್ನ ತವರೂರು ಹರ್ತಿಯಲ್ಲಿ ಎಮ್ಮೆಗೆ ಹಾಕುವ ಹುಲ್ಲನ್ನು ಕಿತ್ತೆಸೆದು, ಹೊಲ ಕೆಡಿಸುವ ಕರಿಕಿಯನ್ನು ಸಾಕುವ ಗಂಡ ನನಗೆ ಸಿಕ್ಕಿದ್ದ.

ಆಗಲೇ ಅಪ್ಪ ಹರ್ತಿಯಿಂದ ಬಂದ. ನನ್ನ ಮದುವೆಯಾದ ಮೇಲೆ ಅದೇ ಮೊದಲು. ಓದಿದ ಅಳಿಯನೆಂದರೆ ಅವನಿಗೆ ಅಂಜಿಕೆ. ಎರಡು ದಿನ ಹಾಯಾಗಿದ್ದು, ಅಳಿಯನಿಂದ ಒಂದು ಒಳ್ಳೆಯ ಮಾತು ಕೇಳಿಕೊಂಡು ಹೋಗಲಿ ಎಂಬುದಷ್ಟೇ ನನ್ನ ಆಸೆ.

ಮರುದಿನ ಯಜಮಾನರು ಕಚೇರಿಗೆ ಹೋದ ಮೇಲೆ ಅಪ್ಪ ಅಂಗಳದಿಂದ ಕೂಗಿದ. "ಯವ್ವಾ, ಇಲ್ಲಿ ಕಸಾ ಭಾಳ ಆಗೇತಿ. ತಗೀಲೇನು?"

ನಾನು ರೊಟ್ಟಿ ಬಡಿಯುತ್ತಿದ್ದೆ. "ನೀ ಸುಮ್ನ ಕುಂಡ್ರಪಾ."

"ಅಳಿಯನ ಮನ್ಯಾಗ ಕುಂತು ಉಣ್ಣೂದು ನನಗ ಸೇರಂಗಿಲ್ಲವ್ವಾ."

"ಹಂಗಾರ ತಗಿ. ಅವರೂ ದಿನಾ ಅದನ್ನ ತಗೀತಾರ."

ಕಸವೆಂದರೆ ಕರಡ ಎಂದುಕೊಂಡೇ ಹೇಳಿದ್ದೆ; ನನಗೂ ಆಗಲೇ ಗಂಡನ ಮನೆಯ ಕಸವೇ ಕಸವಾಗಿತ್ತು. ರೊಟ್ಟಿ ಮುಗಿಸಿ ಹೊರಗೆ ಬಂದೆ. ಗುದ್ದಲಿಯಿಂದ ಗೇಣು ಆಳ ಅಗೆದು, ಕರಿಕಿಯನ್ನು ಬೇರು ಸಮೇತ ಕಿತ್ತು ಬಿಸಿಲಿಗೆ ಹರವಿದ್ದ. ಕರಡದ ಒಂದೆಳೆಯನ್ನೂ ಮುಟ್ಟಿರಲಿಲ್ಲ. ಬುಡಕ್ಕೆ ನೀರು ಬೇರೆ ಹಾಕಿದ್ದ.

"ಹುಲ್ಲು ಛಲೋ ಐತವ್ವಾ. ಅಳಿಯಾರಿಗೆ ಒಂದು ಎಮ್ಮಿ ಕಟ್ಟಾಕ ಹೇಳು" ಎಂದು ಬೆವರು ಒರೆಸಿಕೊಂಡು ನಕ್ಕ.

ಹೇಳಿದರೆ ಕುಗ್ಗಿಹೋಗುತ್ತಾನೆ. ಹೇಳದಿದ್ದರೆ ಸಂಜೆ ಅವರು ಹೇಳುತ್ತಾರೆ. ಬಾಡಿದ ಬೇರುಗಳನ್ನು ಎರಡೂ ಕೈಯಿಂದ ಮಣ್ಣಿಗೆ ಒತ್ತಿ ನೋಡಿದೆ, ನಿಲ್ಲಲಿಲ್ಲ. "ಅದನ್ಯಾಕ ಮತ್ತ ಹಚ್ಚತಿ?" ಎಂದ ಅಪ್ಪ. ಹೊಸ್ತಿಲಲ್ಲಿ ಕೂತು ಸಂಜೆಯಾಗುವುದನ್ನು ಕಾದೆ.

ಸೈಕಲ್ಲಿನಿಂದಿಳಿದ ಯಜಮಾನರ ಮುಖ ಸುಟ್ಟ ಬದನೆಕಾಯಿಯಂತಾಯಿತು. ನಾನು ಕಣ್ಣಲ್ಲೇ ಬೇಡಿಕೊಂಡೆ. "ಭಾಳ ದಣದೀರಿ ಮಾವಾರ" ಎಂದಷ್ಟೇ ಅಂದು ಒಳಗೆ ಹೋಗಿ ಕದ ಮುಚ್ಚಿಕೊಂಡರು. ಒಳ್ಳೆಯವರು, ಅಷ್ಟು ಹೇಳಲು ಎಷ್ಟು ನುಂಗಿದರೋ. ಅಪ್ಪ ಆ ಕದ ನೋಡಿದ, ನನ್ನ ಕೈಯ ಮಣ್ಣು ನೋಡಿದ.

"ಕಸಾ ಅಂದ್ರ ಇದಲ್ಲೇನವ್ವಾ?"

ನಾನು ಅತ್ತುಬಿಟ್ಟೆ. ಬೆಳಗಿನ ಮೊದಲ ಬಸ್ಸಿಗೇ ಅವನು ಹೊರಟುಹೋದ.

ಮುಂಗಾರು ಬಿದ್ದ ಎಂಟೇ ದಿನಕ್ಕೆ, ಮಣ್ಣಿನಲ್ಲಿ ಉಳಿದ ತುಂಡು ಬೇರುಗಳಿಂದ ಕರಿಕಿ ಮತ್ತೆ ಹಬ್ಬಿತು, ಮೊದಲಿಗಿಂತ ದಟ್ಟವಾಗಿ. ಯಜಮಾನರೇ ಹರ್ತಿಗೆ ಹೋಗಿ "ಬಂದು ನೋಡ್ರಿ ಮಾವಾರ" ಎಂದು ಕರೆದರು. ಸುಗ್ಗಿ ಮುಗಿಯಲಿ ಅಂದನಂತೆ. ಎಷ್ಟೋ ಸುಗ್ಗಿ ಮುಗಿದವು, ಅವನು ಬರಲಿಲ್ಲ.

ತವರಿಗೆ ಹೋದಾಗಲೆಲ್ಲ ಕೇಳುತ್ತಿದ್ದ. "ಅಳಿಯಾರ ಹುಲ್ಲು ಬಂತೇನವ್ವಾ?"

"ಬಂತಪಾ."

"ಖರೆ?"

ಎಷ್ಟು ಕಿತ್ತರೂ ಕರಿಕಿ ಸಾಯುವುದಿಲ್ಲವೆಂದು ಹುಟ್ಟಿದಾಗಿನಿಂದ ಬಲ್ಲವನು. ಆದರೂ ನಾನು ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೇನೆಂದೇ ತಿಳಿದುಕೊಂಡು ತೀರಿಹೋದ.