ಮೂಟೆ ತೂಗುವ ತಕ್ಕಡಿಯ ಮೇಲೆ

ದಪ್ಪಗಿರುವ ಹೆಂಗಸಿನ ತಟ್ಟೆಯ ಮೇಲೆ ಊರಿನವರಿಗೆಲ್ಲ ಹಕ್ಕಿರುತ್ತದೆ. ಉಂಡರೂ ಮಾತಾಡುತ್ತಾರೆ, ಉಣ್ಣದಿದ್ದರೂ ಮಾತಾಡುತ್ತಾರೆ. ಇದು ನನಗೆ ಸರಿಯಾಗಿ ಗೊತ್ತಾದದ್ದು ಚಾಮರಾಜನಗರ ಹೊಸದಾಗಿ ಜಿಲ್ಲೆಯಾದ ಕಾಲದಲ್ಲಿ. ಆಗ ನನಗೆ ಮೂವತ್ತೆಂಟು ವಯಸ್ಸು, ತೊಂಬತ್ತನಾಲ್ಕು ಕೆ.ಜಿ. ತೂಕ. ಆಗಿನ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ, ಹೋಗಲಿ ಎಂದು ನಾನು ಪ್ರಯತ್ನವನ್ನೂ ಮಾಡಿಲ್ಲ.

ಎರಡನೆಯ ಮಗು ಆಪರೇಷನ್ ಮಾಡಿಯೇ ಹುಟ್ಟಿದ್ದು. ಆ ಹೊಲಿಗೆಯ ಜಾಗ ಸಡಿಲಾಗಿ ಹೊಕ್ಕುಳ ಕೆಳಗೆ ನಿಂಬೆಹಣ್ಣಿನಷ್ಟು ಗಂಟು ಏಳುತ್ತಿತ್ತು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿ ಅಂಗೈಯಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು. ಮೂರು ವರ್ಷ ಹಾಗೆ ಒತ್ತಿಕೊಂಡೇ ಬದುಕಿದೆ. ಗಂಡನ ಮನೆ ಗುಂಡ್ಲುಪೇಟೆ, ಗುಮಾಸ್ತೆ ಕೆಲಸ ಚಾಮರಾಜನಗರದ ಕಚೇರಿಯೊಂದರಲ್ಲಿ. ದಿನವೂ ಬಸ್ಸಿನಲ್ಲಿ ಓಡಾಟ. ಸಂಕ್ರಾಂತಿ ಕಳೆದ ವಾರ ಬಸ್ಸಿನಲ್ಲಿ ನಿಂತಿದ್ದಾಗ ಗಂಟು ಹೊರಬಂದದ್ದು ಎಷ್ಟು ಒತ್ತಿದರೂ ಒಳಗೆ ಹೋಗಲಿಲ್ಲ. ಕಿಟಕಿಯಾಚೆ ಎರಡು ಸಲ ವಾಂತಿ ಮಾಡಿಕೊಂಡೆ. ಕಚೇರಿ ತಲುಪಿ ಹಳೇ ಕಡತಗಳ ಕೋಣೆಯ ಬೆಂಚಿನ ಮೇಲೆ ಒಂದು ಗಂಟೆ ಕಾಲು ಮಡಚಿ ಮಲಗಿದ ಮೇಲೆ ಅದು ತಾನಾಗಿ ಜಾರಿತು. ಮಾರನೆಯ ದಿನವೇ ಗಂಡ ನನ್ನನ್ನು ಮೈಸೂರಿನ ಸರ್ಜನ್ ಒಬ್ಬರ ಹತ್ತಿರ ಕರೆದುಕೊಂಡು ಹೋದರು.

ಸರ್ಜನ್ ನನ್ನ ಮುಖ ನೋಡಲಿಲ್ಲ, ಹೊಟ್ಟೆಯನ್ನಷ್ಟೇ ನೋಡಿದರು. ಸುತ್ತ ನಿಂತಿದ್ದ ವಿದ್ಯಾರ್ಥಿಗಳಿಗೆ ಹೇಳಿದರು: "ಹರ್ನಿಯಾ. ಆದರೆ ಈ ಕೊಬ್ಬಿನಲ್ಲಿ ಹೊಲಿಗೆ ನಿಲ್ಲಲ್ಲ. ಬೆಣ್ಣೆಗೆ ಹೊಲಿಗೆ ಹಾಕಿದ ಹಾಗಾಗುತ್ತೆ." ಆಮೇಲೆ ನನ್ನ ಕಡೆ ತಿರುಗಿ, "ಎಂಬತ್ತರ ಒಳಗೆ ಬನ್ನಿ, ಮಾಡ್ತೀನಿ. ಒಂದು ಕೆ.ಜಿ. ಜಾಸ್ತಿ ಇದ್ದರೂ ಮುಟ್ಟಲ್ಲ" ಎಂದರು. ಅಷ್ಟರಲ್ಲಿ ಗಂಟು ಮತ್ತೆ ಸಿಕ್ಕಿಕೊಂಡರೆ ಏನು ಮಾಡಲಿ ಎಂದು ಕೇಳಿದೆ. "ಒಳಗೆ ಹೋಗದಿದ್ದರೆ ಕರುಳು ಕೊಳೆಯುತ್ತೆ, ಜೀವಕ್ಕೆ ಅಪಾಯ. ಎಲ್ಲಿದ್ದರೂ ಓಡಿ ಬನ್ನಿ" ಎಂದರು. ಅವರ ಮಾತಿನಲ್ಲಿ ಓಡುವುದು ಅಷ್ಟು ಸಲೀಸಾಗಿತ್ತು. ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಮುದ್ದೆ ಅರ್ಧ, ಕರಿದದ್ದು ಬೇಡ, ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಬೇಡ, ದಿನಕ್ಕೆ ಒಂದು ಗಂಟೆ ನಡಿಗೆ.

ಚೀಟಿ ಓದಿ ಹೇಳಿದಾಗ ಅತ್ತೆ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದವರು ಕೋಲು ನಿಲ್ಲಿಸಿದರು.

"ಕುಯ್ಸ್ಕೊಳಕೆ ಓಗೋಳು ಚೆನ್ನಾಗ್ ಉಣ್ಬೇಕು ಕಣಮ್ಮಿ. ಮೈಯಾಗ್ ರಕ್ತ ಬ್ಯಾಡ್ವಾ? ಸೊಸೆಗೆ ಇಟ್ಟಿಕ್ಕದೆ ಸಾಯಿಸ್ತಾವ್ಳೆ ಅಂತ ನಾಳೆ ಜನ ನನ್ ಮಕಕ್ಕೆ ಉಗೀತಾರೆ."

ಅಂದಿನಿಂದ ನಮ್ಮಿಬ್ಬರ ಮಧ್ಯೆ ಜಗಳ ಶುರುವಾಯಿತು. ಅವರು ದೊಡ್ಡ ಮುದ್ದೆ ಇಡುವರು, ನಾನು ಮುರಿದು ಅರ್ಧ ವಾಪಸ್ಸು ಹಾಕುವೆ. ಮರುದಿನ ಅದಕ್ಕಿಂತ ದೊಡ್ಡದು ಬರುತ್ತಿತ್ತು, ನಾನು ಮುರಿದ ಅರ್ಧವೇ ಹಿಂದಿನ ಇಡೀ ಮುದ್ದೆಯಷ್ಟಾಗಲಿ ಎಂದು. ಅದು ಪ್ರೀತಿಯಂತೆ. ನಾನು ಬೇಡ ಎಂದದ್ದನ್ನು ನನ್ನ ತಟ್ಟೆಗೆ ತುಂಬುವುದಕ್ಕೆ ಪ್ರೀತಿ ಎಂದು ಯಾರು ಹೆಸರಿಟ್ಟರೋ, ಅವರು ನನ್ನ ಕೈಗೆ ಸಿಗಬೇಕಿತ್ತು. ಕೊನೆಗೆ ನನ್ನ ಮುದ್ದೆಯನ್ನು ನಾನೇ ಪುಟ್ಟ ಪಾತ್ರೆಯಲ್ಲಿ ಬೇರೆ ಮಾಡಿಕೊಳ್ಳತೊಡಗಿದೆ. ಒಂದೇ ಮನೆಯಲ್ಲಿ ಸೊಸೆ ಬೇರೆ ಒಲೆ ಹೂಡಿದಳು ಎಂದು ಬೀದಿಗೆಲ್ಲ ಸುದ್ದಿಯಾಯಿತು.

ನಡಿಗೆಯದು ಇನ್ನೊಂದು ರಗಳೆ. ನಮ್ಮ ಕಡೆ ಹೆಂಗಸು ಕೆಲಸವಿಲ್ಲದೆ ನಡೆಯುವ ಹಾಗಿಲ್ಲ. ಬೆಳಿಗ್ಗೆ ಊಟಿ ರಸ್ತೆಯಲ್ಲಿ ಬಿರುಸಾಗಿ ನಡೆದರೆ, "ಏನಮ್ಮಿ, ಯಾರ್ ತೀರ್ಕಂಡ್ರು?" ಎಂದು ಎದುರಿಗೆ ಬಂದವರೆಲ್ಲ ನಿಲ್ಲಿಸಿ ಕೇಳುತ್ತಿದ್ದರು. ಅದಕ್ಕೇ ಕೈಯಲ್ಲಿ ಖಾಲಿ ಹಾಲಿನ ಕ್ಯಾನ್ ಹಿಡಿದುಕೊಂಡೆ. ಆಗಲೂ ಬಿಡಲಿಲ್ಲ: "ಮನೇಲಿ ಎರಡ್ ಅಸ ಕಟ್ಕಂಡು ಆಲ್ಗೆ ಎಲ್ಲಿಗಮ್ಮಿ ಓಯ್ತಿದ್ದೀ?" ಕೇರಳದ ತರಕಾರಿ ಲಾರಿಗಳವರು ಹಾರನ್ ಹೊಡೆದು ನಗುತ್ತಿದ್ದರು. ಆ ಕ್ಯಾನನ್ನು ಯಾರದ್ದಾದರೂ ತಲೆಗೆ ಎಸೆಯಬೇಕು ಅನ್ನಿಸುತ್ತಿತ್ತು. ಎಸೆಯದೆ ನಡೆದೆ, ದಿನಾ ನಡೆದೆ. ಹೊಗೆಸೊಪ್ಪು ಬಿಟ್ಟ ಮೊದಲ ಹದಿನೈದು ದಿನ ತಲೆ ಸಿಡಿಯುತ್ತಿತ್ತು, ಮಕ್ಕಳ ಮೇಲೂ ರೇಗಾಡಿದೆ. ಒಂದು ದಿನ ತಡೆಯಲಾರದೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಎರಡು ಮಸಾಲೆದೋಸೆ ತಿಂದೆ. ಬಿಲ್ಲು ತಂದ ಮಾಣಿ ಮೂರನೆಯದು ಬೇಕಾ ಎಂದು ಕೇಳಿದ. ಅವನ ಮೇಲೂ ನನಗೆ ಇವತ್ತಿಗೂ ಕೋಪವಿದೆ.

ತೂಕ ನೋಡಿಕೊಳ್ಳುವುದು ಎಲ್ಲಿ? ರೈಲ್ವೆ ಸ್ಟೇಷನ್ನಿನ ನಾಣ್ಯದ ಯಂತ್ರ ಒಂದು ಸಲ ಅರವತ್ತು ಎನ್ನುತ್ತಿತ್ತು, ಇನ್ನೊಂದು ಸಲ ನೂರಹತ್ತು ಎನ್ನುತ್ತಿತ್ತು. ಗುಂಡ್ಲುಪೇಟೆಯ ಡಾಕ್ಟರ ಹತ್ತಿರವಿದ್ದ ಕಾಂಪೌಂಡರ್ ಅತ್ತೆಯ ಕಡೆ ನೆಂಟ. ಅವನಿಗೆ ತಿಳಿದರೆ ಸಂಜೆಯೊಳಗೆ ಊರಿಗೇ ತಿಳಿಯುತ್ತಿತ್ತು. ನನ್ನ ಅಪ್ಪ ಉಡಿಗಾಲದಲ್ಲಿ ಅರಿಸಿನ ಬೆಳೆಯುತ್ತಿದ್ದರು. "ಮಂಡೀಲಿ ತಕ್ಕಡಿ ಇಲ್ವಾ? ಬಾ, ಅಲ್ಲೇ ತೂಗ್ಸಿಬುಡನ" ಎಂದು ಚಾಮರಾಜನಗರದಲ್ಲಿ ತಾವು ಅರಿಸಿನ ಹಾಕುತ್ತಿದ್ದ ಮಂಡಿಗೆ ಕರೆದುಕೊಂಡು ಹೋದರು. ಅಲ್ಲಿ ತೂಗುವವನು ಅಪ್ಪನ ವಯಸ್ಸಿನವನು, ಅಪ್ಪನಿಗೆ ಮೂವತ್ತು ವರ್ಷದ ಪರಿಚಯ. ಮೂಟೆ ಇಡುವ ಕಬ್ಬಿಣದ ಹಲಗೆ, ಅದರ ತುದಿಯಲ್ಲಿ ಕಂಬ, ಕಂಬದ ಮೇಲೆ ಅಂಕಿ ಕೆತ್ತಿದ ಪಟ್ಟಿ. ಪಟ್ಟಿಯ ಮೇಲೆ ಗುಂಡನ್ನು ಸರಿಸುತ್ತ ಅವನು ಆಚೆ ಕಡೆ ನಿಲ್ಲುತ್ತಿದ್ದ. ಅಂಕಿ ಕಾಣುವುದು ಅವನ ಕಡೆಯಿಂದ ಮಾತ್ರ. ನಾನು ಮೂಟೆಗಳ ಮಧ್ಯೆ ಚಪ್ಪಲಿ ಬಿಟ್ಟು ಹಲಗೆ ಹತ್ತಿದೆ.

"ತೊಂಬತ್ತೊಂದೂಊ..." ಎಂದು ಅವನು ಮಂಡಿಯಿಡೀ ಕೇಳುವ ಹಾಗೆ ಕೂಗಿದ. ಹಮಾಲಿಗಳು ಕೆಲಸ ನಿಲ್ಲಿಸಿ ನೋಡಿದರು. ಒಬ್ಬ, "ಗಡ್ಡೆ ಚೆನ್ನಾಗೈತೆ ಕಣ್ಲಾ" ಎಂದ. ನಾನು ಹಲಗೆಯಿಂದ ಇಳಿದು ಅವನಿಗೆ ಚೆನ್ನಾಗಿ ಬೈದೆ, ತೂಗುವವನಿಗೂ ಬೈದೆ. ಆದರೂ ಹೊರಗೆ ಬಂದ ಮೇಲೆ ನನಗೆ ಒಳಗೊಳಗೇ ಖುಷಿ. ಮೈಸೂರಿನಲ್ಲಿ ತೊಂಬತ್ತನಾಲ್ಕು ಇದ್ದದ್ದು ಒಂದೇ ವಾರಕ್ಕೆ ತೊಂಬತ್ತೊಂದು! ಕಾಲೆಲ್ಲ ಮದುವಣಗಿತ್ತಿಯ ಕಾಲಿನ ಹಾಗೆ ಹಳದಿಯಾಗಿತ್ತು. ಅಪ್ಪನ ಮುಂದೆ ನಗುತ್ತ, "ನೋಡಪ್ಪಾ, ಮೂರು ಕೆ.ಜಿ. ಇಳಿದೆ" ಎಂದೆ. "ಊಂ ಕಣಮ್ಮಿ" ಎಂದರು ಅಪ್ಪ.

ಆಮೇಲೆ ಹದಿನೈದು ದಿನಕ್ಕೊಮ್ಮೆ ಶನಿವಾರ ಹೋಗುತ್ತಿದ್ದೆ, ಅಪ್ಪನೂ ಉಡಿಗಾಲದಿಂದ ಬರುತ್ತಿದ್ದರು. ಬೈಗುಳ ಕೇಳಿದ ಮೇಲೆ ತೂಗುವವನು ಕೂಗುತ್ತಿರಲಿಲ್ಲ, ಕಂಬದ ಪಕ್ಕ ಬಾಗಿ ಮೆಲ್ಲಗೆ ಹೇಳುತ್ತಿದ್ದ. ಎಂಬತ್ತೊಂಬತ್ತು. ಎಂಬತ್ತೇಳು. ಎರಡು ಶನಿವಾರ ಎಂಬತ್ತೇಳರಲ್ಲೇ ನಿಂತಿತು, ಆಗ ಅತ್ತು ಕೂಡ ಬಿಟ್ಟೆ. ಆಮೇಲೆ ಎಂಬತ್ತೈದು.

ಬೇಸಿಗೆಯಲ್ಲಿ ಉಮ್ಮತ್ತೂರಿನಲ್ಲಿ ಗಂಡನ ನೆಂಟರ ಬೀಗರೂಟ. ಸಾಲಿನಲ್ಲಿ ಕೂತು ನಾನು ಸೊಪ್ಪು, ಒಂದು ತುತ್ತು ಮುದ್ದೆ ಉಂಡು ಸಾಕು ಎಂದೆ. ಬಡಿಸಲು ಬಂದ ಮನೆಯೊಡತಿ ಸೌಟು ಇಳಿಸಲಿಲ್ಲ.

"ನಮ್ಮನೆ ಬಾಡು ನಿಮ್ಗೆ ಆಗಾಕಿಲ್ವಾ?"

"ಡಾಕ್ಟರ್ ಬೇಡ ಅಂದಿದಾರೆ, ಅಕ್ಕ."

"ಡಾಕ್ಟ್ರು ಬಂದು ನೋಡ್ತರಾ? ಉಣ್ಣಿ."

ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಆಕೆ ಬಿಸಿ ಸಾರನ್ನು ತುಂಡುಗಳ ಸಮೇತ ನನ್ನ ಕೈಯ ಮೇಲೆಯೇ ಸುರಿದಳು. ಕೈ ಜಾರಿತು ಎಂದಳು. ಜಾರಿದ ಕೈ ಹೇಗಿರುತ್ತದೆ ಎಂದು ನನಗೆ ಗೊತ್ತು. ಸಾಲಿನವರು ಇನ್ನೂ ಉಣ್ಣುತ್ತಿರುವಾಗಲೇ ಎಲೆ ಬಿಟ್ಟು ಎದ್ದೆ. ಅದು ಮನೆಯವರಿಗೆ ಮಾಡುವ ದೊಡ್ಡ ಅವಮಾನ ಎಂದು ಗೊತ್ತಿತ್ತು. ಅವಮಾನವಾಗಲಿ ಎಂದೇ ಎದ್ದೆ. ಗಂಡ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅಂಗೈ ಹಿಂಭಾಗದ ಬೊಬ್ಬೆ ಒಂದು ವಾರ ಇತ್ತು.

ಆ ಐದು ತಿಂಗಳಲ್ಲಿ ಗಂಟು ಇನ್ನೂ ಎರಡು ಸಲ ಸಿಕ್ಕಿಕೊಂಡಿತು. ಎರಡು ಸಲವೂ ಅದು ತಾನಾಗಿ ಒಳಗೆ ಜಾರುವವರೆಗೆ ಮಕ್ಕಳ ಮುಖ ನೆನೆಯುತ್ತ, ಎಂಬತ್ತು ಎಂಬತ್ತು ಎಂದುಕೊಳ್ಳುತ್ತ ಮಲಗಿದ್ದೆ. ಜೂನ್ ಮೊದಲ ಶನಿವಾರ ತೂಗುವವನು ಬಾಗಿ, "ಎಪ್ಪತ್ತೊಂಬತ್ತು ಕಣವ್ವ" ಎಂದ. ನಾನು ಹಲಗೆಯ ಮೇಲೆಯೇ ಕುಣಿದೆ. ಅಪ್ಪ ತಲೆ ತಗ್ಗಿಸಿ ಬೀಡಿ ಹಚ್ಚಿದರು.

ರಜೆ ಹಾಕಿ, ಮಕ್ಕಳನ್ನು ಉಡಿಗಾಲಕ್ಕೆ ಕಳಿಸಿ, ಫ್ಲಾಸ್ಕು, ಹಳೇ ಸೀರೆ ಎಲ್ಲ ಬ್ಯಾಗಿಗೆ ತುಂಬಿಕೊಂಡು ಗಂಡನ ಜೊತೆ ಮೈಸೂರಿಗೆ ಹೋದೆ. ನರ್ಸು ತೂಕ ನೋಡಿದಳು: ಎಂಬತ್ತೆರಡು. ಇನ್ನೊಮ್ಮೆ ನೋಡಿ ಎಂದೆ. ಮತ್ತೆ ಎಂಬತ್ತೆರಡು. ಸರ್ಜನ್ ಬಂದರು.

"ನಾನು ಎಷ್ಟು ಹೇಳಿದ್ದೆ?"

"ಮೊನ್ನೆ ಎಪ್ಪತ್ತೊಂಬತ್ತು ಇತ್ತು, ಸಾರ್. ಅರಿಸಿನದ ಮಂಡಿಯಲ್ಲಿ ತೂಗಿಸಿದ್ದೆ."

ವಿದ್ಯಾರ್ಥಿಗಳು ನಕ್ಕರು. ಸರ್ಜನ್ ಕೂಡ ನಕ್ಕರು. "ಹಾಗಾದರೆ ಆಪರೇಷನ್ನೂ ಮಂಡಿಯಲ್ಲೇ ಮಾಡಿಸಿಕೊಳ್ಳಿ. ಒಂದು ತಿಂಗಳು ಬಿಟ್ಟು ಬನ್ನಿ." ಹನ್ನೆರಡು ಕೆ.ಜಿ. ಇಳಿಸಿದ್ದನ್ನು ಅಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೊರಗೆ ಬಂದ ಮೇಲೆ ಗಂಡ ಕೇಳಿದರು: "ನೆನ್ನೆ ಎಷ್ಟ್ ಉಂಡೆ?" ಅವರು ಗುಂಡ್ಲುಪೇಟೆ ಬಸ್ಸು ಹತ್ತಿದರು, ನಾನು ಚಾಮರಾಜನಗರದ ಬಸ್ಸು ಹತ್ತಿದೆ.

ಮಂಡಿಯಲ್ಲಿ ಅಪ್ಪ ಇದ್ದರು. ಆ ವರ್ಷದ ಕೊನೆಯ ಮೂಟೆಗಳನ್ನು ತಂದಿದ್ದರು, ಮರುದಿನ ಆಸ್ಪತ್ರೆಗೆ ಬರುವುದೆಂದು ಮಾತಾಗಿತ್ತು. ನನ್ನನ್ನು ಕಂಡು ಎದ್ದು ನಿಂತರು. ನಾನು ಯಾರನ್ನೂ ಮಾತಾಡಿಸದೆ ಹಲಗೆ ಹತ್ತಿದೆ. ತೂಗುವವನು ಗುಂಡು ಸರಿಸಿ ನಿಲ್ಲಿಸಿ, "ಎಪ್ಪತ್ತೊಂಬತ್ತು" ಎಂದ. "ಗುಂಡು ಮುಟ್ಟಬೇಡ" ಎಂದು ಇಳಿದು ಅವನ ಕಡೆಗೆ ಹೋಗಿ ನೋಡಿದೆ. ಗುಂಡು ಎಂಬತ್ತೆರಡರ ಮೇಲೆ ನಿಂತಿತ್ತು.

"ಏನಿದು?"

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎಂಬತ್ತೆರಡಲ್ವಾ? ಚೀಲಕ್ಕೊಂದು, ತ್ಯಾವಕ್ಕೆರಡು. ಮೂರ್ ಕಳೀಬೇಕಲ್ಲವ್ವ."

"ನನಗೆ ಚೀಲ ಎಲ್ಲಿದೆ? ತೇವ ಎಲ್ಲಿದೆ?"

"ಈ ತಕ್ಕಡಿಗೆ ಯಾರ್ ಅತ್ತುದ್ರೂ ಅಂಗೇ ಕಣವ್ವ. ಮೂವತ್ ವರ್ಸದಿಂದ ಅಂಗೇ ಏಳ್ತಾ ಇವ್ನಿ."

ಅವನು ಮೋಸ ಮಾಡುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಉರಿ ತಂದದ್ದು. ಮೂರು ಕಳೆದು ಕಳೆದು ಅವನ ಕಣ್ಣಿಗೆ ಎಂಬತ್ತೆರಡು ಎಂದರೆ ಎಪ್ಪತ್ತೊಂಬತ್ತೇ ಆಗಿಹೋಗಿತ್ತು. ಈ ನಾಡಿನ ಅರಿಸಿನಕ್ಕೆಲ್ಲ ಒಣಗಿದ್ದರೂ ತೇವವೆಂದು ಎರಡು ಕೆ.ಜಿ. ಕಳೆದವನು ನನ್ನ ಜೀವಕ್ಕೂ ಕಳೆದಿದ್ದ. ಬಾಯಿಗೆ ಬಂದದ್ದೆಲ್ಲ ಬೈದೆ. ಬೈದು ಮುಗಿಸಿ ಅಪ್ಪನ ಕಡೆ ತಿರುಗಿದೆ.

"ಕೇಳಿದ್ಯಾ ಅಪ್ಪಾ ಇವನ ಮಾತ?"

ಅಪ್ಪ ತಮ್ಮ ಮೂಟೆಗಳ ಕಡೆ ನೋಡುತ್ತಿದ್ದರು. "ಗೊತ್ತಿತ್ತು ಕಣಮ್ಮಿ" ಎಂದರು.

ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ಮಂಡಿಯ ಹಮಾಲಿಗಳಿಗೆ ಗೊತ್ತಿತ್ತು, ಬಾಗಿಲಲ್ಲಿ ಟೀ ಮಾರುವವನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಹಲಗೆಯ ಮೇಲೆ ಕುಣಿದವಳಿಗೆ ಮಾತ್ರ. ಆ ತಿಂಗಳೆಲ್ಲ ಅಪ್ಪನ ಜೊತೆ ಮಾತು ಬಿಟ್ಟೆ. ಮಕ್ಕಳನ್ನು ಕರೆದುಕೊಂಡು ಬರಲು ಉಡಿಗಾಲಕ್ಕೆ ಹೋದಾಗಲೂ ಅಂಗಳದಲ್ಲೇ ನಿಂತು ವಾಪಸ್ಸು ಬಂದೆ.

ಆ ಮೂರು ಕೆ.ಜಿ.ಯನ್ನು ಹಟಕ್ಕೆ ಇಳಿಸಿದೆ. ಖಾಲಿ ಕ್ಯಾನ್ ಮನೆಯಲ್ಲೇ ಬಿಟ್ಟು ಬರಿಗೈ ಬೀಸಿಕೊಂಡು ಎರಡು ಹೊತ್ತು ನಡೆದೆ. ಯಾರು ಸತ್ತರು ಎಂದು ಕೇಳಿದವರಿಗೆ ನಿಮ್ಮಪ್ಪ ಎಂದೆ. ಅದೇ ಮಂಡಿಗೆ ಹೋದೆ, ಇಳಿದು ಆಚೆ ಕಡೆಯಿಂದ ಅಂಕಿ ನಾನೇ ಓದಿಕೊಂಡೆ. ತೂಗುವವನು ಗುಂಡು ಸರಿಸಿ ದೂರ ನಿಲ್ಲುತ್ತಿದ್ದ. ಪಟ್ಟಿಯ ಮೇಲೆ ಎಪ್ಪತ್ತೊಂಬತ್ತು ಬಂದ ದಿನ ಯಾರಿಗೂ ಹೇಳಲಿಲ್ಲ.

ಆಪರೇಷನ್ ಆಯಿತು. ಎರಡನೆಯ ದಿನ ಕಣ್ಣು ಬಿಟ್ಟಾಗ ಮಂಚದ ಪಕ್ಕದ ಸ್ಟೂಲಿನ ಮೇಲೆ ಅಪ್ಪ ಕೂತಿದ್ದರು. ಒಗೆದ ಪಂಚೆ, ಉಗುರಿನ ಸಂದಿಯಲ್ಲಿ ಅರಿಸಿನ. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ನಾನು ಕರುಳು ಕೊಳೆತು ಸತ್ತಿದ್ದರೆ ನೀನೇನು ಮಾಡುತ್ತಿದ್ದೆ ಎಂದು ಗೋಡೆಗೇ ಹೇಳುವ ಹಾಗೆ ಕೇಳಿದೆ. ಸ್ಟೂಲು ಕಿರುಗುಟ್ಟಿತು. ಎದ್ದು ಹೋದರೇನೋ ಅಂದುಕೊಂಡೆ.

"ಅವ್ನು ನನ್ ಮೂಟೇಲಿ ಮೂರ್ ಕಳ್ದಾಗೆಲ್ಲ ನಾನು ಒಂದಿನಾನೂ ನಕ್ಕಿರ್ನಿಲ್ಲ ಕಣ್ ಮಗಾ" ಎಂದರು ಅಪ್ಪ. "ನೀನ್ ನಕ್ಬುಟ್ಟೆ. ಅದ್ಕೆ ಏಳಕಾಗ್ನಿಲ್ಲ."

ಕ್ಷಮಿಸಿದೆ ಎಂದು ಈಗಲೂ ಹೇಳಲಾರೆ. ಹೊಲಿಗೆ ಹಸಿಯಿದೆ, ಅಳಬೇಡಿ, ಕೆಮ್ಮಬೇಡಿ ಎಂದು ನರ್ಸು ಬೆಳಿಗ್ಗೆಯೇ ಹೇಳಿ ಹೋಗಿದ್ದಳು. ಹೊಟ್ಟೆಯ ಮೇಲೆ ದಿಂಬು ಒತ್ತಿ ಹಿಡಿದುಕೊಂಡೆ. ದಿಂಬು ಜಾರಿದಾಗ ಅಪ್ಪ ಅದರ ಇನ್ನೊಂದು ತುದಿ ಹಿಡಿದುಕೊಂಡರು.