ಟವೆಲ್ ಜವಾಬ್ದಾರಿ

ನನ್ನ ತಮ್ಮನಿಗೆ ಅರವತ್ತು ತುಂಬುವ ವರ್ಷ ಶಾಂತಿ ಹೋಮ ಬೇಡ, ಗ್ರೀಸಿನ ಒಂದು ದ್ವೀಪಕ್ಕೆ ಹೋಗಿ ಬಂಡೆ ಹತ್ತೋಣ ಎಂದು ಮೊದಲು ಹೇಳಿದವಳು ಅವನ ಮಗಳು. ಅವಳು ಅಡಿಲೇಡಿನಲ್ಲಿ ಫಿಸಿಯೋಥೆರಪಿ ಓದುತ್ತಾಳೆ. ವಾರಕ್ಕೆ ಮೂರು ದಿನ ಬಂಡೆ ಹತ್ತುತ್ತಾಳೆ, ಉಳಿದ ನಾಲ್ಕು ದಿನ ಅದರ ವಿಡಿಯೊ ಕಳಿಸುತ್ತಾಳೆ. ತಮ್ಮ ಮತ್ತು ಅವನ ಹೆಂಡತಿ ಇರುವುದು ಬ್ರಿಸ್ಬೇನ್ ಆಚೆಯ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ. ನಾನು ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ, ಮಗಳು ಮತ್ತು ಅಳಿಯನ ಜೊತೆ. ಅವರು ಮೂವರು, ನಾವು ಮೂವರು, ಒಟ್ಟು ಆರು ಜನ. ಆರು ಜನವೆಂದರೆ ಒಂದು ಸಾಲು. ಸಾಲೆಂದ ಮೇಲೆ ಅದನ್ನು ಯಾರಾದರೂ ನೆಟ್ಟಗೆ ನಿಲ್ಲಿಸಬೇಕು.

ಮೂವತ್ತೊಂದು ವರ್ಷ ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಡ್ರಿಲ್ ಟೀಚರ್ ಆಗಿದ್ದೆ. ಈಗಲೂ ನಾಲ್ಕೂ ಮುಕ್ಕಾಲಿಗೆ ಏಳುತ್ತೇನೆ. ಐದೂವರೆಗೆ ನಡೆಯಲು ಹೊರಟರೆ ಆರೂ ಹತ್ತಕ್ಕೆ ಸದರ್ನ್ ರಿವರ್ ಕಡೆಯ ತಿರುವಿನಲ್ಲಿರುತ್ತೇನೆ. ಅಲ್ಲಿ ದಿನವೂ ಸಿಗುವ ನಾಯಿಯೊಂದು ನನ್ನನ್ನು ನೋಡಿ ಮನೆಗೆ ಹೊರಡುತ್ತದೆ. ಇಂಥವಳ ಕೈಗೆ ಪ್ರವಾಸದ ವ್ಯವಸ್ಥೆಯನ್ನು ಯಾರೂ ಕೊಡಲಿಲ್ಲ. ಕೊಡುವ ತನಕ ನಾನು ಕಾಯಲೂ ಇಲ್ಲ.

ಮೊದಲ ತೊಡಕು ಗಡಿಯಾರದ್ದು. ಪ್ರತಿ ಭಾನುವಾರ ವಿಡಿಯೊ ಸಭೆ. ಪರ್ತ್‌ನಲ್ಲಿ ಸಂಜೆ ಐದಾದರೆ ಬ್ರಿಸ್ಬೇನಿನಲ್ಲಿ ಏಳು, ಅಡಿಲೇಡಿನಲ್ಲಿ ಆರೂವರೆ. ಈ ಅರ್ಧ ಗಂಟೆಯ ಲೆಕ್ಕ ಯಾರ ತಲೆಯಲ್ಲಿ ಹುಟ್ಟಿತೋ ಎಂದು ನಾನು ಗೊಣಗಿದಾಗ, ಅರ್ಧ ಗಂಟೆಯ ದೇಶದಿಂದಲೇ ಬಂದವರು ನಾವು ಎಂದು ಅಳಿಯ ನೆನಪಿಸಿದ. ಅವನು ಸಭೆಯಲ್ಲಿ ಅಪರೂಪಕ್ಕೆ ಆಡಿದ ಉಪಯುಕ್ತ ಮಾತು ಅದು.

ಎರಡನೆಯ ತೊಡಕು ಜನರದ್ದು. ಸೊಸೆ, ಅಂದರೆ ತಮ್ಮನ ಮಗಳು, ಹಲ್ಲಿಯಂತೆ ಹತ್ತುತ್ತಾಳೆ. ಮಗಳು ಸುಮಾರಾಗಿ ಹತ್ತಿಯಾಳು. ಅಳಿಯ ಜಿಮ್ಮಿಗೆ ಹೋಗುತ್ತಾನೆ, ಅಂದರೆ ಕನ್ನಡಿಯ ಮುಂದೆ ನಿಲ್ಲುತ್ತಾನೆ. ತಮ್ಮನ ಹೆಂಡತಿ ಈಜುವುದಾದರೆ ಮಾತ್ರ ಬರುತ್ತೇನೆಂದಳು. ಇಷ್ಟು ಬಗೆಯವರು ಒಂದೇ ಬಂಡೆಯ ಬುಡದಲ್ಲಿ ಜಗಳವಾಡದೆ ಒಂದು ವಾರ ಕಳೆಯಬೇಕಾದರೆ ಸುಲಭದ ದಾರಿಗಳೂ ಕಷ್ಟದ ದಾರಿಗಳೂ ಅಕ್ಕಪಕ್ಕದಲ್ಲಿರುವ ಜಾಗ ಹುಡುಕಬೇಕು ಎಂದು ಸೊಸೆ ವಿವರಿಸಿದಳು. ಆ ದ್ವೀಪದ ಬಂಡೆಗಳು ಹೆಚ್ಚಾಗಿ ಪಶ್ಚಿಮಕ್ಕೆ ಮುಖ ಮಾಡಿವೆಯಂತೆ, ಬೆಳಗ್ಗೆ ನೆರಳು, ಮಧ್ಯಾಹ್ನದ ಮೇಲೆ ಬಿಸಿಲು. ಹಾಗಾದರೆ ಬೆಳಗ್ಗೆ ಬಂಡೆ, ಮಧ್ಯಾಹ್ನ ಸಮುದ್ರ ಎಂದು ನಾನು ತಕ್ಷಣ ವೇಳಾಪಟ್ಟಿ ಬರೆದೆ. ಐದೂವರೆಗೆ ಏಳುವುದು, ಆರಕ್ಕೆ ಕಾಫಿ, ಆರೂಕಾಲಿಗೆ ಹಾಜರಿ.

"ಅತ್ತೆ, ಇಟ್ಸ್ ಎ ಹಾಲಿಡೇ," ಎಂದಳು ಸೊಸೆ. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಹಾಲಿಡೇ ಎಂದೇ ಐದೂವರೆ ಎಂದಿದ್ದೇನೆ ಎಂದು ತಿಳಿಸಿದೆ.

ಆಮೇಲೆ ಅವಳು ಎಲ್ಲರಿಗೂ ಒಂದು ಫಾರ್ಮ್ ಕಳಿಸಿದಳು. ಮೊದಲು ಹತ್ತಿದ್ದೀರಾ, ಮೊಣಕಾಲು ಹೇಗಿದೆ, ಎತ್ತರದ ಭಯವಿದೆಯೇ, ಏನು ಮಾಡಲು ಇಷ್ಟ, ಇಂಥವು. ನಮ್ಮ ಮನೆಯಲ್ಲಿ ಫಾರ್ಮ್ ತುಂಬುವುದು ನನ್ನ ಕೆಲಸ. ತಮ್ಮನ ಎಸ್ಸೆಸ್ಸೆಲ್ಸಿ ಅರ್ಜಿ, ಕಾಲೇಜಿನ ಅರ್ಜಿ, ಮೊದಲ ಪಾಸ್‌ಪೋರ್ಟು, ಅವನ ಮದುವೆಗೆ ಛತ್ರದ ಬುಕಿಂಗ್, ಎಲ್ಲವೂ ನನ್ನ ಅಕ್ಷರದಲ್ಲೇ ಇವೆ. ಆದ್ದರಿಂದ ಒಂದೇ ಮಧ್ಯಾಹ್ನ ಉಳಿದ ಐದೂ ಜನರ ಫಾರ್ಮ್ ನಾನೇ ತುಂಬಿದೆ. ಎ, ಬಿ, ಸಿ ಎಂದು ಮೂರು ಗುಂಪು ಮಾಡಿದೆ. ನನ್ನ ಹೆಸರಿನ ಮುಂದೆ ಗುಂಪು ಬರೆಯದೆ ‘ವ್ಯವಸ್ಥೆ’ ಎಂದಷ್ಟೇ ಬರೆದು, ಪಟ್ಟಿಯನ್ನು ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ.

ತಮ್ಮನ ಸಾಲಿನಲ್ಲಿ ಇದ್ದದ್ದು ಇಷ್ಟು: ಎತ್ತರದ ಭಯ ಇದೆ, ಏಳನೇ ವಯಸ್ಸಿನಿಂದ. ಗುಂಪು ಸಿ. ಕೆಳಗೆ ಕೂರಿಸುವುದು. ನೀರು, ಟವೆಲ್ ಜವಾಬ್ದಾರಿ.

ಏಳನೇ ವಯಸ್ಸಿನ ಕಥೆ ನಮ್ಮ ಬಂಧುಗಳಿಗೆಲ್ಲ ಬಾಯಿಪಾಠ, ಏಕೆಂದರೆ ಪ್ರತಿ ಮದುವೆಯಲ್ಲೂ ನಾನೇ ಅದನ್ನು ಹೇಳಿದ್ದೇನೆ. ಗಾಳಿಪಟ ಸಿಕ್ಕಿಕೊಂಡಿತೆಂದು ಅವನು ನೀರಿನ ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿದ. ಮೇಲೆ ಹೋದವನು ಇಳಿಯಲಾರದೆ ಕಂಬಿ ತಬ್ಬಿ ನಿಂತ. ಹದಿನೈದು ವರ್ಷದ ನಾನು ಹತ್ತಿ ಹೋಗಿ ಅವನನ್ನು ಬೆನ್ನ ಮೇಲೆ ಹೊತ್ತು ಇಳಿಸಿದೆ.

ಪಟ್ಟಿ ಹಾಕಿದ ಹತ್ತು ನಿಮಿಷಕ್ಕೆ ಫೋನಿನಲ್ಲಿ ಒಂದು ಸಣ್ಣ ಸಾಲು ಮೂಡಿತು. ವಾಟ್ಸ್ಯಾಪ್ ಗುಂಪನ್ನು ಬಿಟ್ಟು ತಮ್ಮ ಹೊರಗೆ ಹೋಗಿದ್ದ. ನಮ್ಮ ವಂಶದಲ್ಲಿ ಆಸ್ತಿ ಪಾಲಾದಾಗಲೂ ಯಾರೂ ಆ ಗುಂಪು ಬಿಟ್ಟಿರಲಿಲ್ಲ. ಸಂಜೆ ಅವನ ಹೆಂಡತಿ ಫೋನ್ ಮಾಡಿ, ತನ್ನ ಅರವತ್ತಕ್ಕೆ ತಾನು ಬರುವುದಿಲ್ಲ, ಬೇಕಾದವರು ಹೋಗಿಬರಲಿ ಎನ್ನುತ್ತಿದ್ದಾನೆಂದು ತಿಳಿಸಿದಳು. ದ್ವೀಪದಲ್ಲಿ ಬಾಡಿಗೆಗೆ ಹಿಡಿದ ಮನೆಯವರಿಗೆ ತಿಂಗಳ ಕೊನೆಯೊಳಗೆ ಎಷ್ಟು ಜನವೆಂದು ಹೇಳಬೇಕಿತ್ತು. ನಾನು ಮೂರು ಸಲ ಕರೆ ಮಾಡಿದೆ, ಅವನು ಎತ್ತಲಿಲ್ಲ. ಹುಟ್ಟುಹಬ್ಬದವನೇ ಇಲ್ಲದ ಹುಟ್ಟುಹಬ್ಬಕ್ಕೆ ನನ್ನ ಬಳಿ ವೇಳಾಪಟ್ಟಿ ಇರಲಿಲ್ಲ. ಶುಕ್ರವಾರ ಬ್ರಿಸ್ಬೇನಿಗೆ ವಿಮಾನ ಹತ್ತಿದೆ.

ಅವನೇ ನಿಲ್ದಾಣಕ್ಕೆ ಬಂದಿದ್ದ. ದಾರಿಯುದ್ದಕ್ಕೂ ಹವೆಯ ಬಗ್ಗೆ, ರಸ್ತೆ ರಿಪೇರಿಯ ಬಗ್ಗೆ ಮಾತಾಡಿದ. ಇಷ್ಟೊಂದು ಮರ್ಯಾದೆಯಿಂದ ಅವನು ನನ್ನೊಡನೆ ಯಾವತ್ತೂ ಮಾತಾಡಿದ್ದಿಲ್ಲ. ಅದನ್ನು ಕೇಳಿ ನನಗೆ ಹೆದರಿಕೆಯಾಯಿತು.

ಮರುದಿನ ಊಟವಾದ ಮೇಲೆ, "ಈ ಆರ್ವೋ ನಿನಗೇನೂ ಪ್ರೋಗ್ರಾಂ ಇಲ್ವಲ್ಲ, ನಡಿ," ಎಂದು ಕಾರು ತೆಗೆದ. ಮಧ್ಯಾಹ್ನವನ್ನು ಇಲ್ಲಿಯ ಜನರಂತೆ ಅವನೂ ಆರ್ವೋ ಎನ್ನುತ್ತಾನೆ. ಹೋದದ್ದು ಒಂದು ದೊಡ್ಡ ಗೋದಾಮಿಗೆ. ಒಳಗೆ ಮೂರು ಮಹಡಿಯೆತ್ತರದ ಗೋಡೆಗಳು, ಗೋಡೆಯ ತುಂಬ ಹಿಡಿದು ಹತ್ತಲು ಬಣ್ಣಬಣ್ಣದ ಪ್ಲಾಸ್ಟಿಕ್ ಗುಬುಟುಗಳು. ಕೌಂಟರಿನ ಹೆಂಗಸು ಅವನನ್ನು ಹಳೆಯ ಪರಿಚಯದವನಂತೆ ಮಾತಾಡಿಸಿದಳು. ಅವನು ಕಟ್ಟಿಕೊಂಡ ಹಗ್ಗ ಸಿಕ್ಕಿಸುವ ಸೊಂಟದ ಪಟ್ಟಿಗೆ ಒಂದು ಚೀಟಿ ನೇತುಬಿದ್ದಿತ್ತು. ಏನೆಂದು ಕೇಳಿದ್ದಕ್ಕೆ, ಹತ್ತುವವರು ಬೀಳದಂತೆ ಕೆಳಗೆ ನಿಂತು ಹಗ್ಗ ಹಿಡಿಯುವ ಪರೀಕ್ಷೆ ಪಾಸಾದವರಿಗೆ ಅದನ್ನು ಕೊಡುತ್ತಾರೆ ಎಂದ. ಅರ್ಜಿಯನ್ನು ಯಾರು ತುಂಬಿದರು ಎಂದು ನಾನು ಕೇಳಲಿಲ್ಲ.

"ಎಲ್ಲರ ಫಾರ್ಮೂ ನೀನೇ ತುಂಬಿದೆಯಲ್ಲ. ನೀನು ಹತ್ತಿ ನೋಡಿದೀಯಾ?"

ಇಲ್ಲವೆಂದೆ. ಅವನು ನನಗೂ ಪಟ್ಟಿ ಕಟ್ಟಿದ, ಹಗ್ಗದ ಗಂಟನ್ನು ಎರಡು ಸಲ ಮುಟ್ಟಿ ನೋಡಿದ. ನೋಡುವಾಗ ತುಟಿ ಅಲ್ಲಾಡುತ್ತಿತ್ತು. ಮೆರವಣಿಗೆಗೆ ಮೊದಲು ಮಕ್ಕಳ ಶೂ ಲೇಸು ಪರೀಕ್ಷಿಸುವಾಗ ನನ್ನ ತುಟಿಯೂ ಹೀಗೆಯೇ ಅಲ್ಲಾಡುತ್ತಿತ್ತಂತೆ.

ಹತ್ತುವುದೇನೂ ಕಷ್ಟವಾಗಲಿಲ್ಲ. ಎಡಗೈ, ಬಲಗಾಲು, ಬಲಗೈ, ಎಡಗಾಲು, ಬಾಯಲ್ಲಿ ಎಣಿಕೆ. ತುದಿಯ ಹಳದಿ ಗುಬುಟನ್ನು ಮುಟ್ಟಿ, ಇಷ್ಟೇ ತಾನೇ ಎಂದು ಕೆಳಗೆ ನೋಡಿದೆ. ಇಳಿಯುವುದಕ್ಕೆ ಏಣಿಯಿಲ್ಲ ಎನ್ನುವುದು ಆಗ ತಿಳಿಯಿತು. ಎರಡೂ ಕೈ ಬಿಟ್ಟು, ಹಿಂದಕ್ಕೆ ವಾಲಿ, ಗಾಳಿಯಲ್ಲಿ ಕೂರಬೇಕು. ಕೆಳಗಿನವನು ಹಗ್ಗ ಸಡಿಲಿಸುತ್ತಾ ಇಳಿಸುತ್ತಾನೆ.

ಕೈ ಬಿಡಲಿಲ್ಲ. ನಾನು ಅಪ್ಪಣೆ ಕೊಟ್ಟರೂ ಬಿಡಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸಿದೆ. ಮೂರಾದ ಮೇಲೆ ನಾಲ್ಕನ್ನೂ ಎಣಿಸಿದೆ. ಕೆಳಗೆ ಯಾರದೋ ಹುಟ್ಟುಹಬ್ಬಕ್ಕೆ ಬಂದ ಪುಟಾಣಿಗಳು ಸಾಲುಗಟ್ಟಿ ನಿಂತು ನನ್ನ ಹಿಮ್ಮಡಿ ನೋಡುತ್ತಿದ್ದವು.

"ಹಿಡ್ಕೊಂಡಿದೀಯೇನೋ?"

"ಅವಾಗಿಂದ ಹಿಡ್ಕೊಂಡೇ ಇದೀನಿ."

"ಬಿಗಿಯಾಗಿ?"

"ಅಕ್ಕ," ಎಂದ ತಮ್ಮ, "ಟ್ಯಾಂಕ್ ಮೇಲೆ ನೀನು ನಂಗೆ ಏನು ಹೇಳ್ದೆ?"

ಮದುವೆಗಳಲ್ಲಿ ಕಥೆ ಹೇಳುವಾಗ ಆ ಭಾಗವನ್ನು ನಾನು ಬಿಟ್ಟುಬಿಡುತ್ತಿದ್ದೆ. ಅವನು ಮರೆತಿರಲಿಲ್ಲ.

"ಕಣ್ಣು ಮುಚ್ಚು, ಬಾಯಿ ಮುಚ್ಚು, ನಾನಿದೀನಿ ಅಂದೆ ನೀನು. ಈಗ ನೀನೂ ಮುಚ್ಕೊಂಡು ಕೈ ಬಿಡು."

ಬಿಟ್ಟೆ. ಹಗ್ಗ ಒಂದು ಗೇಣು ಕೂಡ ಜಾರಲಿಲ್ಲ. ನೆಲ ನಿಧಾನವಾಗಿ ಬಂದು ನನ್ನ ಕಾಲಿಗೆ ತಾಗಿತು. ಪುಟಾಣಿಗಳು ಚಪ್ಪಾಳೆ ತಟ್ಟಿದವು. ನಾನು ಬೆಂಚಿನ ಮೇಲೆ ಕುಳಿತೆ. ಅವನು ನೀರಿನ ಬಾಟಲಿ ತಂದುಕೊಟ್ಟ. ನನ್ನ ಪಟ್ಟಿಯ ಪ್ರಕಾರ ನೀರು ಅವನ ಜವಾಬ್ದಾರಿಯೇ.

ಆಮೇಲೆ ಅವನೇ ಹೇಳಿದ. ಎತ್ತರದ ಭಯ ಇನ್ನೂ ಹೋಗಿಲ್ಲ, ಮನೆಯಲ್ಲಿ ಬಲ್ಬ್ ಬದಲಿಸಲು ಇವತ್ತಿಗೂ ಹೆಂಡತಿಯೇ ಸ್ಟೂಲ್ ಹತ್ತಬೇಕು. ಆದರೆ ಮಗಳು ರಜೆಗೆ ಬಂದು ಗೋಡೆ ಹತ್ತುವಾಗ ಹಗ್ಗ ಯಾರೋ ಅಪರಿಚಿತರ ಕೈಯಲ್ಲಿರುವುದನ್ನು ನೋಡಲಾಗಲಿಲ್ಲವಂತೆ. ಆರು ತಿಂಗಳಿಂದ ಪ್ರತಿ ಶನಿವಾರ ಇಲ್ಲಿಗೆ ಬಂದು ಕಲಿತಿದ್ದಾನೆ. ದ್ವೀಪದಲ್ಲಿ ಅವಳ ಹಗ್ಗ ತಾನೇ ಹಿಡಿಯಬೇಕೆಂದು.

"ಭಯ ಇದೆ ಅಂತ ಬರೆದಿದ್ದು ಸರೀನೇ ಅಕ್ಕ. ಟವೆಲ್ ಅಂತ ಬರೆದ್ಯಲ್ಲ, ಅದು."

ತಪ್ಪಾಯಿತು ಎಂದೆ. ಅದನ್ನು ಹೇಳುವ ಅಭ್ಯಾಸ ಕಡಿಮೆ, ಆದ್ದರಿಂದ ಸ್ವಲ್ಪ ಜೋರಾಗಿಯೇ ಹೊರಬಂತು. ಕೌಂಟರಿನ ಹೆಂಗಸು ತಿರುಗಿ ನೋಡಿದಳು.

ಮನೆಗೆ ಬಂದು ಖಾಲಿ ಫಾರ್ಮನ್ನು ಅವನ ಮುಂದಿಟ್ಟೆ. ಬಗಲಲ್ಲಿ ನಿಂತರೆ ಇಣುಕಿ ತಿದ್ದಿಬಿಡುತ್ತೇನೆಂದು ಗೊತ್ತಿದ್ದರಿಂದ ಕೆರೆಯ ಸುತ್ತ ನಡೆಯಲು ಹೊರಟೆ. ಸರಿಯಾಗಿ ಅರ್ಧ ಗಂಟೆ ನಡೆದೆ. ತಿರುಗಿ ಬರುವಷ್ಟರಲ್ಲಿ ಅವನು ಗುಂಪಿಗೆ ಮರಳಿದ್ದ. ಒಂದಲ್ಲ, ಎರಡು ಫಾರ್ಮುಗಳು ಅಲ್ಲಿ ಬಿದ್ದಿದ್ದವು. ಅವನದರಲ್ಲಿ ಹೀಗಿತ್ತು: ಎತ್ತರದ ಭಯ, ತುಂಬಾ. ಕೆಲಸ, ಹಗ್ಗ.

ಇನ್ನೊಂದು ನನ್ನದು. ಅದನ್ನು ತುಂಬಿದವನೂ ಅವನೇ. ಎತ್ತರದ ಭಯ: ಹತ್ತುವಾಗ ಇಲ್ಲ, ಇಳಿಯುವಾಗ ಇದೆ. ಗುಂಪು ಸಿ. ಟವೆಲ್ ಜವಾಬ್ದಾರಿ.

"ಫೇರ್ ಎನಫ್, ಅತ್ತೆ," ಎಂದು ಅಡಿಲೇಡಿನಿಂದ ಸೊಸೆ ಬರೆದಳು. ಅಳಿಯ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ, ಅದೂ ಮೂರು.

ದ್ವೀಪದ ಮನೆಗೆ ಆರು ಜನ ಎಂದು ತಿಳಿಸಿಯಾಗಿದೆ. ಆರು ಟವೆಲ್ ತಂದು, ಮೂಲೆಯಲ್ಲಿ ಒಂದರಿಂದ ಆರರವರೆಗೆ ಕೆಂಪು ದಾರದಲ್ಲಿ ಅಂಕಿ ಹೊಲಿದು, ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಒಂದನೇ ನಂಬರು ತಮ್ಮನದು. ಆರೂಕಾಲಿನ ಹಾಜರಿಯ ಬಗ್ಗೆ ಮಾತುಕತೆ ಇನ್ನೂ ನಡೆದಿದೆ.