ಗುಲಾಬಿ ಮೇಲಂಗಿಯ ಎಡ ಭುಜ

ಚರ್ಚಿನವರ ಬಾಯಲ್ಲಿ ಆಕೆ ಇಸ್ತ್ರಿಯಮ್ಮ. ಪೂಜೆಯ ಹೊತ್ತಿಗೆ ಪಾದ್ರಿಗಳು ತೊಡುವ ಮೇಲಂಗಿಗಳನ್ನು ಒಗೆದು, ಇಸ್ತ್ರಿ ಮಾಡಿ, ಬೀರುವಿನಲ್ಲಿ ನೇತುಹಾಕುವುದು ಮದುವೆಯಾದ ಹೊಸತರಿಂದಲೂ ಆಕೆಯ ಕೆಲಸ. ಗಂಡ ಹಾಸಿಗೆ ಹಿಡಿದ ಮೇಲೆ ಅವನನ್ನು ಒಬ್ಬನೇ ಬಿಟ್ಟು ಹೋಗುವಂತಿರಲಿಲ್ಲ. ಬಟ್ಟೆಗಂಟು ಮನೆಗೇ ಬರತೊಡಗಿತು.

ಗಂಡ ದರ್ಜಿ. ಕಾಲಿನ ಶಕ್ತಿ ಹೋಗಿತ್ತು, ಅದರ ಬೆನ್ನಿಗೇ ನೆನಪೂ ಹೋಗಿತ್ತು. ಹೆಂಡತಿಯನ್ನು ಒಮ್ಮೆ "ಇವಳೇ" ಎನ್ನುತ್ತಿದ್ದ, ಇನ್ನೊಮ್ಮೆ "ಯಾರಮ್ಮ ನೀನು?" ಎನ್ನುತ್ತಿದ್ದ. ಮೊದಮೊದಲು ಆಕೆ ತಿದ್ದುತ್ತಿದ್ದಳು. ಬರಬರುತ್ತಾ ಅದಕ್ಕೂ ತ್ರಾಣ ಉಳಿಯಲಿಲ್ಲ.

ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರ್‌ಗೆ, ಮುಂಚಿನ ತಪಸ್ಸುಕಾಲವೆಲ್ಲ ಪಾದ್ರಿಗಳಿಗೆ ನೇರಳೆ ಬಣ್ಣ. ನಡುವೆ ಒಂದು ಭಾನುವಾರ ಮಾತ್ರ, ಉಪವಾಸದಲ್ಲಿ ಬಳಲಿದವರಿಗೆ ಹಬ್ಬ ಹತ್ತಿರ ಬಂತೆಂದು ನೆನಪಿಸಲು, ಗುಲಾಬಿ ತೊಡಬಹುದು. ಕ್ರಿಸ್ಮಸ್‌ಗೆ ಮುಂಚೆಯೂ ಅಂಥದ್ದೊಂದು ಭಾನುವಾರ ಬರುತ್ತದೆ. ಆ ದಿನಗಳಿಗಾಗಿಯೇ ಇದ್ದ ಗುಲಾಬಿ ಮೇಲಂಗಿಯನ್ನು ಹೊಲಿದವನು ಆಕೆಯ ಗಂಡನೇ. ಹಿಂದಿದ್ದ ಪಾದ್ರಿ ಅದನ್ನು ಇಷ್ಟಪಟ್ಟು ತೊಡುತ್ತಿದ್ದರು. ಹೊಸದಾಗಿ ಬಂದ ಎಳೆಯ ಪಾದ್ರಿ ಮಾತ್ರ ಮುಖ ಸಿಂಡರಿಸಿದ್ದರು: "ಅದು ಬೇಡಮ್ಮ. ಹಾಕ್ಕೊಂಡ್ರೆ ಕೇಕ್ ಅಂಗಡಿ ಗೊಂಬೆ ಥರ ಕಾಣ್ತೀನಿ. ನೇರಳೆಯೇ ಸಾಕು, ತಪ್ಪೇನಿಲ್ಲ."

ಆದರೂ ತಪಸ್ಸುಕಾಲದ ಆ ಭಾನುವಾರದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಆಕೆ ನೇರಳೆ, ಗುಲಾಬಿ ಎರಡನ್ನೂ ಇಸ್ತ್ರಿ ಮಾಡಿದಳು. ಭಕ್ತಿಯಿಂದೇನಲ್ಲ; ಗಂಟಿನಲ್ಲಿ ಬಂದಿತ್ತು, ಕೈ ತಾನಾಗಿ ಮಾಡಿತು. ಗಂಡನ ಹಾಸಿಗೆ ಬಟ್ಟೆ ಬದಲಾಯಿಸಿ ಬದಲಾಯಿಸಿ ಸೊಂಟ ಬಿದ್ದುಹೋಗಿತ್ತು, ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. ಬಟ್ಟೆ ಬರುವುದು ತಡವಾಯಿತೆಂದು ಪಾದ್ರಿಯೇ ಹುಡುಕಿಕೊಂಡು ಬಂದರು.

ಬಾಗಿಲಲ್ಲಿ ಅವರನ್ನು ಕಂಡದ್ದೇ ತಡ, ಹಾಸಿಗೆಯಲ್ಲಿದ್ದ ದರ್ಜಿ ಚುರುಕಾದ.

"ಬನ್ನಿ ಸಾರ್, ಬನ್ನಿ. ಟ್ರಯಲ್‌ಗೆ ತಾನೆ? ಇವಳೇ, ಆ ಗುಲಾಬಿ ಬಟ್ಟೆ ಕೊಡು ಸಾರ್‌ಗೆ."

"ಫಾದರ್ ರೀ ಅವ್ರು. ಬಟ್ಟೆ ತಗೊಂಡು ಹೋಗಕ್ಕೆ ಬಂದಿದಾರೆ," ಎಂದಳು ಆಕೆ.

"ಟ್ರಯಲ್ ನೋಡ್ದೆ ತಗೊಂಡ್ಹೋಗೋದು, ಆಮೇಲೆ ನನ್ನ ಬೈಯೋದು! ಹಾಕ್ಕೊಳ್ಳಿ ಸಾರ್."

ಪಾದ್ರಿ ಆಕೆಯ ಮುಖ ನೋಡಿದರು. ಗೋಡೆಗೆ ಒರಗಿ ನಿಂತಿದ್ದಳು. ಅವರು ಮೆಲ್ಲಗೆ ಮೇಲಂಗಿಯನ್ನು ತಲೆಯ ಮೇಲಿಂದ ಇಳಿಬಿಟ್ಟುಕೊಂಡರು.

"ತಿರುಗಿ... ಕೈ ಎತ್ತಿ. ಥೂ, ಎಡ ಭುಜ ಎಳೀತಿದೆ. ಯಾವ ಪುಣ್ಯಾತ್ಮ ಹೊಲಿದಿದ್ದು ಇದನ್ನ?"

'ನೀವೇ' ಎಂಬ ಮಾತು ಆಕೆಯ ನಾಲಿಗೆಯ ತುದಿಗೆ ಬಂದು ನಿಂತಿತು. "ಯಾರೋ ಒಬ್ಬ ದರ್ಜಿ," ಎಂದಳು.

"ಕತ್ತರಿ ಹಿಡಿಯೋಕೇ ಬರಲ್ಲ ಅವನಿಗೆ. ಬಿಚ್ಚಿ ಕೊಡಿ ಸಾರ್, ಬೆಳಗ್ಗೆ ರೆಡಿ ಇರತ್ತೆ."

ಪಾದ್ರಿಗೆ ನಗು ಬಂತು, ಅರ್ಧಕ್ಕೇ ನಿಂತಿತು. ಬಿಚ್ಚಿಕೊಟ್ಟ ಮೇಲಂಗಿ ಕೈಗೆ ಬಂದದ್ದೇ, ತನ್ನ ಅಂಗಿಯ ಗುಂಡಿ ಹಾಕಿಕೊಳ್ಳಲಾಗದ ದರ್ಜಿಯ ಬೆರಳುಗಳು ಭುಜದ ಹೊಲಿಗೆಯನ್ನು ಬಟ್ಟೆ ನೋಯದಂತೆ ಬಿಚ್ಚತೊಡಗಿದ್ದವು. ಅವರು ಸ್ವಲ್ಪ ಹೊತ್ತು ನೋಡುತ್ತಾ ನಿಂತರು.

"ನಾಳೆ ಇದನ್ನೇ ಹಾಕ್ಕೋತೀನಮ್ಮ," ಎಂದು ಹೇಳಿ ಬರಿಗೈಯಲ್ಲಿ ಹೋದರು.

ಭುಜ ಪೂರ್ತಿ ಬಿಚ್ಚಿ, ಎಲ್ಲಿ ಸಡಿಲ ಬಿಡಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು, ದರ್ಜಿ ನಿದ್ದೆ ಹೋದ. ಹೊಲಿಗೆ ಆಕೆಯ ತಲೆಗೆ ಬಂತು. ಇದೊಂದು ಬಾಕಿ ಇತ್ತು ನನಗೆ ಎಂದು ಗೊಣಗುತ್ತಲೇ ಆಕೆ ಗೆರೆಯ ಮೇಲೆಯೇ ಹೊಲಿದಳು.

ಭಾನುವಾರ ಆಕೆಗೆ ಪೂಜೆಗೆ ಹೋಗಲಾಗಲಿಲ್ಲ. ಮೇಲಂಗಿ ಒಯ್ದಿದ್ದ ಪಕ್ಕದ ಮನೆಯಾಕೆ ಬಂದು, "ಫಾದರ್ ಚೆನ್ನಾಗೇ ಕಾಣ್ತಿದ್ರು ಕಣೇ. ಆದ್ರೆ ಅದ್ಯಾಕೋ ಎಡ ಭುಜ ಮುಟ್ಟಿ ಮುಟ್ಟಿ ನೋಡ್ಕೋತಿದ್ರು," ಎಂದಳು.

"ಕೇಳಿದ್ರಾ? ನಿಮ್ಮ ಬಟ್ಟೆ ಚೆನ್ನಾಗಿತ್ತಂತೆ," ಎಂದು ಆಕೆ ಗಂಡನ ಕಡೆ ತಿರುಗಿದಳು.

"ಯಾವ ಬಟ್ಟೆ?"

"ಏನಿಲ್ಲ ಬಿಡಿ." ಅವನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ಒರೆಸಿದಳು.

ಮರುದಿನ ಗಂಟು ಮತ್ತೆ ಬಂತು. ಗುಲಾಬಿಯ ಎದೆಯ ಮೇಲೆ ಮೇಣದ ಹನಿ ಬಿದ್ದಿತ್ತು. ಆಕೆ ಮೇಣ ಹೀರಲು ಹಾಳೆಯೊಂದನ್ನು ಅದರ ಮೇಲಿಟ್ಟು ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡಳು.

"ಹುಷಾರು ಇವಳೇ," ಎಂದ ಹಾಸಿಗೆಯಿಂದ ದರ್ಜಿ. "ಬಣ್ಣದ ಬಟ್ಟೆ."

"ಹೂಂ," ಎಂದು ಆಕೆ ಇಸ್ತ್ರಿಯ ಬಿಸಿ ತಗ್ಗಿಸಿದಳು.